ಅಳಿಸಿಹೋದ ಕಂತುಗಳು, ಉಳಿಸಿಕೊಂಡ ಜನ

ಮೊನ್ನೆ ರಾತ್ರಿ ದೀಪ ಆರಿಸಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಟೀವಿ ಕಂತನ್ನು ಕೇಳಿದೆ. ನೋಡಲಿಲ್ಲ, ಕೇಳಿದೆ. ನೋಡೋಣ ಅಂದರೂ ಆಗುವುದಿಲ್ಲ. ‘ಡಾಕ್ಟರ್ ಹೂ’ ಎಂಬ ಬ್ರಿಟನ್ನಿನ ವಿಜ್ಞಾನ ಕಲ್ಪನೆಯ ಸರಣಿಯಲ್ಲಿ ‘ದಿ ಟೆಂತ್ ಪ್ಲಾನೆಟ್’ ಎಂಬ ಕಥೆಯ ನಾಲ್ಕನೇ ಕಂತು ಅದು. 1966ರ ಅಕ್ಟೋಬರ್ 29, ಶನಿವಾರ ಸಂಜೆ ಬಿಬಿಸಿಯಲ್ಲಿ ಬಂದಿತ್ತು. ಆ ಕಂತಿನ ಚಿತ್ರ ಉಳಿದಿಲ್ಲ. ಉಳಿದಿರುವುದು ಧ್ವನಿ ಮಾತ್ರ.

ಕಥೆ ನಡೆಯುವುದು ದಕ್ಷಿಣ ಧ್ರುವದ ಒಂದು ನೆಲೆಯಲ್ಲಿ. ಸೈಬರ್‌ಮೆನ್ ಎಂಬ ಅರ್ಧ ಮನುಷ್ಯ, ಅರ್ಧ ಯಂತ್ರದ ಜೀವಿಗಳು ಮೊಟ್ಟಮೊದಲು ಬಂದಿದ್ದು ಈ ಕಥೆಯಲ್ಲೇ. ಅವರ ಮಾತಿನ ಏರಿಳಿತ ವಿಚಿತ್ರ. ಒತ್ತು ಬೀಳಬಾರದ ಕಡೆ ಒತ್ತು ಬೀಳುತ್ತದೆ. ಮಾತು ಕಲಿತಿದ್ದಾರೆ, ಆದರೆ ಮಾತನಾಡುವ ಮನಸ್ಸನ್ನು ಮರೆತುಬಿಟ್ಟಿದ್ದಾರೆ ಅನ್ನಿಸುತ್ತದೆ. ಕತ್ತಲಲ್ಲಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಅವರ ನಡುವೆ ಒಬ್ಬ ಮುದುಕನ ದಣಿದ ದನಿ. ಈ ಹಳೇ ದೇಹ ಸವೆದುಹೋಗುತ್ತಿದೆ ಅಂತ ಅವನು ಹೇಳುತ್ತಾನೆ. ಕೊನೆಗೆ ಒಂದು ಸದ್ದು ಏರುತ್ತಾ ಏರುತ್ತಾ ಹೋಗುತ್ತದೆ. ಆಮೇಲೆ ಶೀರ್ಷಿಕೆ ಸಂಗೀತ. ಅಷ್ಟೇ. ಮೂರು ವರ್ಷ ಕಥಾನಾಯಕ ಡಾಕ್ಟರ್ ಆಗಿದ್ದ ನಟ ವಿಲಿಯಂ ಹಾರ್ಟ್‌ನೆಲ್ ಹೊರಟುಹೋದರು.

ನನ್ನನ್ನು ಪ್ರತಿ ಸಲ ಹಿಡಿದು ನಿಲ್ಲಿಸುವುದು ಕಥೆಗಿಂತ ಜಾಸ್ತಿ, ಈ ಧ್ವನಿ ನನ್ನ ಕಿವಿಯವರೆಗೆ ಬಂದ ದಾರಿ. ಇದು ಬಿಬಿಸಿಯ ಕಪಾಟಿನಿಂದ ಬಂದಿದ್ದಲ್ಲ. ಆವತ್ತಿನ ಸಂಜೆ ಬ್ರಿಟನ್ನಿನ ಯಾವುದೋ ಮನೆಯಲ್ಲಿ ಒಬ್ಬ ವೀಕ್ಷಕ ಟೀವಿ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ. ದೊಡ್ಡ ಸುರುಳಿಗಳು ತಿರುಗುವ ಆ ಕಾಲದ ರೆಕಾರ್ಡರ್. ಕೆಲವರು ಸ್ಪೀಕರಿನ ಮುಂದೆ ಮೈಕು ಹಿಡಿಯುತ್ತಿದ್ದರು. ಇನ್ನು ಕೆಲವರು ಟೀವಿಯ ಹಿಂಭಾಗ ಬಿಚ್ಚಿ, ನೇರವಾಗಿ ತಂತಿ ಎಳೆದು ಜೋಡಿಸಿಕೊಂಡಿದ್ದರು. ಆ ಇಪ್ಪತ್ತೈದು ನಿಮಿಷ ಮನೆಯಲ್ಲಿ ಯಾರೂ ಕೆಮ್ಮಬಾರದು, ಬಾಗಿಲು ಹಾಕಬಾರದು, ಊಟಕ್ಕೆ ಬಾ ಅಂತ ಕರೆಯಬಾರದು ಅಂತೆಲ್ಲ ತಾಕೀತು ಮಾಡಿರುತ್ತಾರೆ ಅಂತ ಊಹಿಸಿಕೊಳ್ಳುತ್ತೇನೆ. ಅವರಿಗೆ ಆಗ ಗೊತ್ತಿರಲಿಲ್ಲ, ಮುಂದೊಂದು ದಿನ ಜಗತ್ತಿನಲ್ಲಿ ಈ ಕಂತಿನ ಗುರುತು ಅಂತ ಉಳಿಯುವುದು ತಮ್ಮ ಟೇಪೇ ಎಂದು. ಮತ್ತೆ ಕೇಳಬೇಕು ಅನ್ನಿಸಿತು, ರೆಕಾರ್ಡ್ ಮಾಡಿಕೊಂಡರು.

ಈ ಸರಣಿಯ ಅಭಿಮಾನಿಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಅರವತ್ತು ವರ್ಷ ದಾಟಿದ ಮೇಲೂ ಜನ ಇದನ್ನು ಇಷ್ಟು ಹಚ್ಚಿಕೊಂಡಿದ್ದಾರಲ್ಲ, ಯಾಕೆ ಅಂತ ಕೇಳಿದರೆ ಎಲ್ಲರೂ ಕಥೆ, ಪಾತ್ರ, ಕಲ್ಪನೆ ಅಂತ ಹೇಳುತ್ತಾರೆ. ಅದೆಲ್ಲ ನಿಜ. ಆದರೆ ನನಗೆ ಕಾಣುವುದು ಬೇರೆ. ಈ ಸರಣಿಯನ್ನು ಮಾಡಿದವರೇ ಒಮ್ಮೆ ಅದನ್ನು ಕೈಬಿಟ್ಟರು, ಒಂದಲ್ಲ ಎರಡು ಸಲ. ಎರಡು ಸಲವೂ ನೋಡಿದವರು ಅದನ್ನು ಎತ್ತಿಕೊಂಡರು. ಇವರ ಪ್ರೀತಿ ಕಾಪಾಡಿಕೊಳ್ಳುವವರ ಪ್ರೀತಿ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಡಾಕ್ಟರ್ ಅಂದರೆ ಬೇರೆ ಗ್ರಹದಿಂದ ಬಂದ ಒಬ್ಬ ಅಲೆಮಾರಿ. ಅವನಿಗೆ ಎರಡು ಹೃದಯ. ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲ, ದೇಶ ಎರಡನ್ನೂ ದಾಟಿ ಓಡಾಡುತ್ತಾನೆ. ಹೊರಗಿನಿಂದ ನೋಡಿದರೆ ಅದು ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆ. ಆಗಿನ ಬ್ರಿಟನ್ನಿನ ರಸ್ತೆಗಳಲ್ಲಿ, ಪೊಲೀಸರಿಗೆ ಫೋನ್ ಮಾಡಲು ನಿಲ್ಲಿಸಿರುತ್ತಿದ್ದರಲ್ಲ, ಅಂಥದ್ದು. ಒಳಗೆ ಹೋದರೆ ದೊಡ್ಡ ಕೋಣೆ. ಇಳಿದ ಜಾಗಕ್ಕೆ ತಕ್ಕ ಹಾಗೆ ವೇಷ ಬದಲಿಸಬೇಕಾದ ಯಂತ್ರ ಅದು. ಕೆಟ್ಟು, ಪೆಟ್ಟಿಗೆಯ ರೂಪದಲ್ಲೇ ನಿಂತುಬಿಟ್ಟಿದೆ. ಬೀದಿಯ ನಿಜವಾದ ಪೊಲೀಸ್ ಪೆಟ್ಟಿಗೆಗಳು ಕಾಲಕ್ರಮೇಣ ಮಾಯವಾದವು. ಇವತ್ತು ಆ ನೀಲಿ ಪೆಟ್ಟಿಗೆ ಕಂಡರೆ ಜನಕ್ಕೆ ನೆನಪಾಗುವುದು ಪೊಲೀಸರಲ್ಲ, ಡಾಕ್ಟರ್.

ಮೊದಲ ಕಂತು ಬಂದಿದ್ದು 1963ರ ನವೆಂಬರ್ 23ಕ್ಕೆ. ಅದರ ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು. ಹೊಸ ಧಾರಾವಾಹಿ ನೋಡುವ ಮನಸ್ಥಿತಿ ಯಾರಿಗಿತ್ತು? ಹಾಗಾಗಿ ಮುಂದಿನ ಶನಿವಾರ ಎರಡನೇ ಕಂತಿಗೆ ಮುಂಚೆ ಮೊದಲನೆಯದನ್ನು ಮತ್ತೆ ತೋರಿಸಿದರು. ಇದನ್ನು ಶುರು ಮಾಡಿದವರನ್ನು ನೆನೆದರೆ ನನಗೆ ಖುಷಿಯಾಗುತ್ತದೆ. ಸಿಡ್ನಿ ನ್ಯೂಮನ್ ಕೆನಡಾದಿಂದ ಬಂದವರು, ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥ. ಅವರು ನಿರ್ಮಾಪಕಿಯಾಗಿ ಆರಿಸಿಕೊಂಡ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ಹುಟ್ಟಿದ್ದು ಲಕ್ನೋದಲ್ಲಿ, ಅವರಿಗೆ ಇನ್ನೂ 24. ಕೋಟು ಟೈ ಕಟ್ಟಿದ ಹಿರಿಯ ಗಂಡಸರೇ ತುಂಬಿದ್ದ ಆ ಕಟ್ಟಡದಲ್ಲಿ ಈ ಮೂವರೂ ಹೊರಗಿನವರೇ. ಎಲ್ಲಿಗೂ ಸೇರದ ಒಬ್ಬ ಅಲೆಮಾರಿಯ ಕಥೆ ಇವರ ಕೈಯಲ್ಲೇ ಹುಟ್ಟಿತಲ್ಲ, ಅದು ನನಗೆ ಬರೀ ಕಾಕತಾಳೀಯ ಅನ್ನಿಸುವುದಿಲ್ಲ.

ನ್ಯೂಮನ್ ಒಂದು ಷರತ್ತು ಹಾಕಿದ್ದರು. ಗುಡ್ಡೆಗಣ್ಣಿನ ರಾಕ್ಷಸರು ಬೇಡ, ಮಕ್ಕಳು ಇದರಿಂದ ಇತಿಹಾಸ, ವಿಜ್ಞಾನ ಕಲಿಯಬೇಕು ಅಂತ. ಆದರೆ ಎರಡನೇ ಕಥೆಯಲ್ಲೇ ಟೆರಿ ನೇಷನ್ ಬರೆದ, ರೇಮಂಡ್ ಕ್ಯೂಸಿಕ್ ರೂಪ ಕೊಟ್ಟ ಡಾಲೆಕ್‌ಗಳು ಬಂದವು. ಕಾಲಿಲ್ಲ, ಮುಖವಿಲ್ಲ, ಜಾರಿಕೊಂಡು ಬರುತ್ತವೆ, ಕರ್ಕಶ ದನಿಯಲ್ಲಿ ಕೂಗುತ್ತವೆ. ನ್ಯೂಮನ್‌ಗೆ ಸಿಟ್ಟು ಬಂತು. ಲ್ಯಾಂಬರ್ಟ್ ಬಗ್ಗಲಿಲ್ಲ. ಕೆಲವೇ ವಾರಗಳಲ್ಲಿ ಬ್ರಿಟನ್ನಿನ ಮಕ್ಕಳೆಲ್ಲ ಡಾಲೆಕ್ ಆಟ ಆಡತೊಡಗಿದರು. ಸೋಫಾ ಹಿಂದೆ ಅಡಗಿಕೊಂಡು ನೋಡಿದ ನೆನಪನ್ನು ಆ ತಲೆಮಾರಿನವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಹೆದರಿಕೆಯಾಗುತ್ತದೆ, ಆದರೂ ಎದ್ದು ಹೋಗಲು ಮನಸ್ಸಿಲ್ಲ. ಅಂಥ ಹೆದರಿಕೆಯನ್ನು ಯಾರೂ ಮರೆಯುವುದಿಲ್ಲ ಅಲ್ವಾ?

ಸದ್ದಿನ ಬಗ್ಗೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಟಾರ್ಡಿಸ್ ಹೊರಡುವಾಗ ಒಂದು ಸದ್ದು ಬರುತ್ತದೆ. ಏದುಸಿರು ಬಿಡುತ್ತಾ, ಗೊರಗೊರ ಅನ್ನುತ್ತಾ ಏನೋ ಹರಿದುಹೋಗುತ್ತಿರುವ ಹಾಗೆ. ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್‌ನಲ್ಲಿದ್ದ ಬ್ರಯಾನ್ ಹಾಡ್ಜ್‌ಸನ್ ಅದನ್ನು ಮಾಡಿದ್ದು ತಮ್ಮ ಅಮ್ಮನ ಮನೆಯ ಬೀಗದಕೈಯಿಂದ. ಹಳೇ ಪಿಯಾನೋ ಒಂದರ ದಪ್ಪ ತಂತಿಗಳ ಉದ್ದಕ್ಕೂ ಬೀಗದಕೈ ಎಳೆದು, ಅದನ್ನು ರೆಕಾರ್ಡ್ ಮಾಡಿ, ಹಿಂದುಮುಂದಾಗಿಸಿ, ಪ್ರತಿಧ್ವನಿ ಸೇರಿಸಿದರು. ಬಾಗಿಲು ತೆಗೆಯುವ ಬೀಗದಕೈ, ಪಿಯಾನೋದ ತಂತಿ. ಇಷ್ಟರಿಂದ ಕಾಲವೇ ಬಿರಿದ ಸದ್ದು ಹುಟ್ಟಿತು. ಆ ಸದ್ದು ಕೇಳಿದಾಗ ನನ್ನೊಳಗೆ ಏನೋ ಎದ್ದು ನಿಲ್ಲುತ್ತದೆ. ಯಾರೋ ಬಂದರು, ಇನ್ನು ಪರವಾಗಿಲ್ಲ ಅನ್ನುವ ಭಾವ.

ಶೀರ್ಷಿಕೆ ಸಂಗೀತದ್ದೂ ಅದೇ ಕಥೆ. ರಾನ್ ಗ್ರೇನರ್ ಬರೆದುಕೊಟ್ಟಿದ್ದು ಒಂದು ಹಾಳೆಯ ಸ್ವರ. ಅದನ್ನು ಸದ್ದಾಗಿ ಮಾಡಿದವರು ಡೀಲಿಯಾ ಡರ್ಬಿಶೈರ್. ಆಗ ಸಿಂಥಸೈಜರ್ ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಮೀಟಿದ ಒಂದು ತಂತಿಯ ಸದ್ದನ್ನು ಟೇಪಿನಲ್ಲಿ ಹಿಡಿದು, ಟೇಪನ್ನು ವೇಗವಾಗಿ, ನಿಧಾನವಾಗಿ ಓಡಿಸಿ ಬೇರೆ ಬೇರೆ ಸ್ವರ ಮಾಡಿಕೊಂಡು, ಒಂದೊಂದು ಸ್ವರದ ಟೇಪನ್ನೂ ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುತ್ತಾ ಹೋದರು. ಕೇಳಿದ ಗ್ರೇನರ್‌ಗೆ ಇದು ತಾನು ಬರೆದದ್ದೇನಾ ಅಂತ ಅನುಮಾನವೇ ಬಂತಂತೆ. ಡೀಲಿಯಾಗೂ ಪಾಲು ಸಲ್ಲಬೇಕು ಅಂತ ಅವರು ಹೇಳಿದರು. ಸಂಸ್ಥೆಯ ನಿಯಮ ಒಪ್ಪಲಿಲ್ಲ. ಪರದೆಯ ಮೇಲೆ ಆ ಸಂಗೀತಕ್ಕೆ ಡೀಲಿಯಾ ಹೆಸರು ಬಂದಿದ್ದು 2013ರಲ್ಲಿ, ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ. ಅವರು ತೀರಿಕೊಂಡಿದ್ದು 2001ರಲ್ಲಿ. ಅಷ್ಟೂ ವರ್ಷ ಅವರ ಹೆಸರನ್ನು ಬಾಯಿಂದ ಬಾಯಿಗೆ ದಾಟಿಸುತ್ತಾ ಬಂದವರಲ್ಲಿ ಅಭಿಮಾನಿಗಳೇ ಜಾಸ್ತಿ.

ಇನ್ನು ಆ ಕಂತುಗಳು ಎಲ್ಲಿ ಹೋದವು ಅನ್ನುವ ಮಾತು.

1960ರ ದಶಕದಲ್ಲಿ ವಿಡಿಯೋ ಟೇಪ್ ಬಹಳ ದುಬಾರಿ. ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಟೇಪನ್ನು ಅಳಿಸಿ ಅದರ ಮೇಲೇ ಇನ್ನೊಂದನ್ನು ತುಂಬುವುದು ರೂಢಿ. ನಟರ ಸಂಘದ ಒಪ್ಪಂದದ ಪ್ರಕಾರ ಒಂದು ಕಂತನ್ನು ಮನಸ್ಸು ಬಂದಷ್ಟು ಸಲ ಮರುಪ್ರಸಾರ ಮಾಡುವ ಹಾಗೂ ಇರಲಿಲ್ಲ. ಹೊರದೇಶಗಳಿಗೆ ಮಾರಲು ಫಿಲ್ಮ್ ಪ್ರತಿಗಳನ್ನು ತೆಗೆಯುತ್ತಿದ್ದರು ನಿಜ. ಆದರೆ ಮಾರುವ ಅವಧಿ ಮುಗಿದ ಮೇಲೆ ಅವುಗಳನ್ನೂ ಇಟ್ಟುಕೊಳ್ಳಲಿಲ್ಲ. ಅಷ್ಟರಲ್ಲಿ ಬಣ್ಣದ ಟೀವಿ ಬಂದಿತ್ತು. ಕಪ್ಪುಬಿಳುಪು ಯಾರಿಗೆ ಬೇಕು? ಮನೆಯಲ್ಲಿ ಕೂತು ಬೇಕಾದಾಗ ಬೇಕಾದ್ದು ನೋಡುವ ಕಾಲ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಹತ್ತಿರ ಹತ್ತಿರ ಹತ್ತು ವರ್ಷ ಈ ಅಳಿಸುವ ಕೆಲಸ ನಡೆಯಿತು. 1978ರ ಹೊತ್ತಿಗೆ ನಿಲ್ಲಿಸಿದರು.

ಮೊದಲ ಆರು ವರ್ಷಗಳಲ್ಲಿ ಬಂದ ಕಂತುಗಳು 253. ನೂರಕ್ಕೂ ಹೆಚ್ಚು ಕಂತುಗಳು ದಶಕಗಳ ಕಾಲ ಕಾಣೆಯಾಗಿದ್ದವು. ಇದನ್ನು ಮೊದಲು ಓದಿದಾಗ ನನಗೆ ನಿಜವಾಗಿಯೂ ಹೊಟ್ಟೆ ಉರಿದಿತ್ತು. ಎಂಥ ಜನ ಇವರು ಅಂತ. ಈಗ ಆ ಸಿಟ್ಟು ಇಳಿದಿದೆ. ಟೇಪ್ ಅಳಿಸಿದವರು ಕೇಡಿಗರಲ್ಲ, ತಮ್ಮ ಕೆಲಸ ಮಾಡುತ್ತಿದ್ದರು. ಅವರ ಕಣ್ಣಿಗೆ ಅದು ಮುಗಿದುಹೋದ ಸಂಜೆ. ದಿನಪತ್ರಿಕೆಯನ್ನು ಮರುದಿನ ಯಾರು ಎತ್ತಿಡುತ್ತಾರೆ? ಎತ್ತಿಡುವವನು ಅಭಿಮಾನಿ ಮಾತ್ರ.

ಎತ್ತಿಟ್ಟರು ಕೂಡ. ಕಾಣೆಯಾದ ಅಷ್ಟೂ ಕಂತುಗಳ ಧ್ವನಿ ಇವತ್ತು ನಮ್ಮ ಬಳಿ ಇದೆ. ಒಂದೂ ಬಿಟ್ಟುಹೋಗಿಲ್ಲ. ಇದನ್ನು ಒಮ್ಮೆ ಸಾವಕಾಶವಾಗಿ ಯೋಚಿಸಿ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಒಬ್ಬರಿಗೊಬ್ಬರ ಪರಿಚಯವೂ ಇರಲಿಲ್ಲ. ಬೇರೆ ಬೇರೆ ಊರಿನ ಕೆಲವೇ ಜನ ತಮ್ಮ ಪಾಡಿಗೆ ತಾವು ವಾರ ವಾರ ರೆಕಾರ್ಡ್ ಮಾಡಿದರು. ಒಬ್ಬರ ಟೇಪಿನಲ್ಲಿ ಗೊರಗೊರ ಇದ್ದ ಕಡೆ ಇನ್ನೊಬ್ಬರದ್ದು ಶುದ್ಧವಾಗಿದೆ. ಇವರು ತಪ್ಪಿಸಿಕೊಂಡ ವಾರ ಅವರು ಕೂತಿದ್ದಾರೆ. ಆಮೇಲೆ ಎಷ್ಟೋ ವರ್ಷಕ್ಕೆ ಎಲ್ಲವನ್ನೂ ಒಟ್ಟಿಗೆ ತಂದು ನೋಡಿದರೆ ಸರಪಳಿ ಪೂರ್ತಿಯಾಗಿತ್ತು.

ಚಿತ್ರಕ್ಕೂ ಸ್ವಲ್ಪ ಆಸರೆ ಸಿಕ್ಕಿತು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಟೀವಿ ಪರದೆಯ ಮೇಲೆ ಓಡುತ್ತಿದ್ದ ಕಾರ್ಯಕ್ರಮಗಳ ಫೋಟೋ ತೆಗೆದು, ಅದರಲ್ಲಿ ದುಡಿದ ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದರು. ಅಂಗೈಗಿಂತ ಚಿಕ್ಕ ಚಿತ್ರಗಳು. ಒಂದೊಂದು ಕಂತಿಗೂ ಹತ್ತಾರು. ಆ ಫೋಟೋಗಳನ್ನು ಸಾಲಾಗಿಟ್ಟು, ಟೇಪಿನ ಧ್ವನಿ ಜೋಡಿಸಿ, ಅಭಿಮಾನಿಗಳು ಕಳೆದುಹೋದ ಕಂತುಗಳನ್ನು ಮತ್ತೆ ಕಟ್ಟಿದರು. ಅಲುಗಾಡದ ಚಿತ್ರ, ಮಾತನಾಡುವ ಧ್ವನಿ. ಮೊದಲ ಹತ್ತು ನಿಮಿಷ ಕಷ್ಟವೇ. ಆಮೇಲೆ ಕಣ್ಣು ತಾನಾಗೇ ಚಿತ್ರಕ್ಕೆ ಚಲನೆ ಕೊಡಲು ಶುರು ಮಾಡುತ್ತದೆ. ಮುಂದೆ ಬಿಬಿಸಿಯೇ ಈ ಧ್ವನಿಗಳನ್ನು ಆಧಾರವಾಗಿಟ್ಟುಕೊಂಡು ಕೆಲವು ಕಥೆಗಳಿಗೆ ಅನಿಮೇಷನ್ ಮಾಡಿಸಿತು.

ಬಣ್ಣದ ವಿಷಯ ಇನ್ನೂ ಸೋಜಿಗ. 1970ರ ದಶಕದ ಶುರುವಿನ ಕೆಲವು ಕಂತುಗಳ ಬಣ್ಣದ ಟೇಪ್ ಅಳಿದು, ಕಪ್ಪುಬಿಳುಪು ಫಿಲ್ಮ್ ಮಾತ್ರ ಉಳಿದಿತ್ತು. ಬಣ್ಣದ ಸಂಕೇತವನ್ನು ಸೋಸದೆ ಫಿಲ್ಮಿಗೆ ಇಳಿಸಿದ್ದರಿಂದ ಕೆಲವು ಪ್ರತಿಗಳಲ್ಲಿ ಚಿತ್ರದ ಮೇಲೆಲ್ಲ ಸಣ್ಣ ಸಣ್ಣ ಚುಕ್ಕೆಗಳ ಜಾಲ ಬಿದ್ದಿತ್ತು. ಬಹಳ ಕಾಲ ಅದು ಬರೀ ಕೊಳೆಯಂತೆ ಕಂಡಿತ್ತು. ಆ ಚುಕ್ಕೆಗಳಲ್ಲೇ ಕಳೆದುಹೋದ ಬಣ್ಣದ ಲೆಕ್ಕ ಅಡಗಿದೆ ಅಂತ ಕೆಲವರು ಕಂಡುಕೊಂಡರು. ಕಂಪ್ಯೂಟರಿನಲ್ಲಿ ಆ ಚುಕ್ಕೆಗಳನ್ನು ಓದಿ ಬಣ್ಣ ಮರಳಿ ತಂದರು. ಬೂದುಬಣ್ಣದ ಮುಖಕ್ಕೆ ನಿಧಾನವಾಗಿ ರಕ್ತ ಬಂದ ಹಾಗೆ. ಇದರ ಹಿಂದೆ ಎಷ್ಟು ರಾತ್ರಿಗಳ ನಿದ್ದೆ ಹೋಗಿರಬೇಕು!

ಹುಡುಕಾಟವೂ ನಿಂತಿಲ್ಲ. ‘ಟೂಂಬ್ ಆಫ್ ದಿ ಸೈಬರ್‌ಮೆನ್’ ಕಥೆಯ ನಾಲ್ಕೂ ಕಂತುಗಳು 1991ರ ಕೊನೆಗೆ ಹಾಂಗ್‌ಕಾಂಗ್‌ನಿಂದ ಮರಳಿ ಬಂದವು. ಆಸ್ಟ್ರೇಲಿಯಾದಲ್ಲಿ ನಡೆದದ್ದಂತೂ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿನ ಸೆನ್ಸಾರಿನವರು ಮಕ್ಕಳಿಗೆ ಇದು ಹೆದರಿಕೆ ಹುಟ್ಟಿಸುತ್ತದೆ ಅಂತ ಕೆಲವು ತುಣುಕುಗಳನ್ನು ಕತ್ತರಿಸಿ ತೆಗೆದಿದ್ದರು. ಉಳಿದ ಕಂತು ನಾಶವಾಯಿತು. ಕತ್ತರಿಸಿದ ತುಣುಕುಗಳು ಕಡತದ ಜೊತೆ ಭದ್ರವಾಗಿ ಕೂತಿದ್ದವು. 1996ರಲ್ಲಿ ಅಭಿಮಾನಿಗಳೇ ಹೋಗಿ ಅವುಗಳನ್ನು ಹುಡುಕಿ ತೆಗೆದರು. ಹಾಗಾಗಿ ಕೆಲವು ಕಥೆಗಳಲ್ಲಿ ಇವತ್ತು ನಮಗೆ ನೋಡಲು ಸಿಗುವುದು ಯಾರೂ ನೋಡಬಾರದು ಅಂದಿದ್ದ ಕೆಲವು ಸೆಕೆಂಡುಗಳು ಮಾತ್ರ.

2013ರ ಅಕ್ಟೋಬರಿನಲ್ಲಿ ದೊಡ್ಡ ಸುದ್ದಿ ಬಂತು. ಫಿಲಿಪ್ ಮಾರಿಸ್ ಎಂಬವರು ನೈಜೀರಿಯಾದ ಜೋಸ್ ನಗರದ ಟೀವಿ ಕೇಂದ್ರವೊಂದರಲ್ಲಿ ಒಂಬತ್ತು ಕಂತುಗಳನ್ನು ಪತ್ತೆ ಮಾಡಿದ್ದರು. ‘ದಿ ಎನಿಮಿ ಆಫ್ ದಿ ವರ್ಲ್ಡ್’ ಕಥೆ ಪೂರ್ತಿಯಾಯಿತು. ‘ದಿ ವೆಬ್ ಆಫ್ ಫಿಯರ್’ನಲ್ಲಿ ಒಂದು ಕಂತು ಬಿಟ್ಟು ಉಳಿದೆಲ್ಲ ಸಿಕ್ಕಿತು. ಅದಾದ ಮೇಲೂ 97 ಕಂತುಗಳು ಕಾಣೆಯಾದ ಪಟ್ಟಿಯಲ್ಲೇ ಉಳಿದವು. ಆ ದಿನ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಸುದ್ದಿ ಓದಿ ಕೈ ನಡುಗಿತ್ತು. ಐವತ್ತು ವರ್ಷ ಹಳೆಯ, ಯಾರೋ ಬಿಸಾಡಿದ ಧಾರಾವಾಹಿಯ ಕೆಲವು ಡಬ್ಬಿಗಳು ಸಿಕ್ಕಿದ್ದಕ್ಕೆ ಕಣ್ಣು ತುಂಬಿ ಬಂತು. ಆವತ್ತು ರಾತ್ರಿಯೇ, ಹಾರ್ಟ್‌ನೆಲ್ ನಂತರ ಡಾಕ್ಟರ್ ಆದ ಪ್ಯಾಟ್ರಿಕ್ ಟ್ರೌಟನ್ ಕಡಲತೀರದಲ್ಲಿ ಮಗುವಿನ ಹಾಗೆ ಓಡಿ ನೀರಿಗೆ ಹಾರುವ ದೃಶ್ಯ ನೋಡಿದೆ. ಅಲ್ಲಿಯವರೆಗೆ ಅದನ್ನು ಬರೀ ಕೇಳಿದ್ದೆ. ಧ್ವನಿಯಲ್ಲಿ ಆ ಖುಷಿ ಅಷ್ಟು ಗೊತ್ತಾಗಿರಲಿಲ್ಲ.

ಟೇಪ್ ಅಳಿಸಿದ್ದು ಮೊದಲ ಕೈಬಿಡುವಿಕೆ. ಎರಡನೆಯದು 1989ರಲ್ಲಿ. ಆ ವರ್ಷ ಡಿಸೆಂಬರ್ 6ಕ್ಕೆ ‘ಸರ್ವೈವಲ್’ ಕಥೆಯ ಕೊನೆಯ ಕಂತು ಬಂತು. ಆಮೇಲೆ ಹೊಸ ಕಂತುಗಳು ಬರಲಿಲ್ಲ. ದೊಡ್ಡದಾಗಿ ರದ್ದು ಮಾಡಿದೆವು ಅಂತ ಹೇಳಲೂ ಇಲ್ಲ, ಸುಮ್ನೆ ನಿಂತುಹೋಯಿತು. ನಡುವೆ 1996ರಲ್ಲಿ ಪಾಲ್ ಮೆಕ್‌ಗ್ಯಾನ್ ಅಭಿನಯದ ಒಂದು ಟೀವಿ ಸಿನಿಮಾ ಬಂತು, ಅದು ಮುಂದುವರಿಯಲಿಲ್ಲ. ಮತ್ತೆ ಸರಣಿಯಾಗಿ ಬಂದಿದ್ದು 2005ರ ಮಾರ್ಚ್ 26ಕ್ಕೆ. ಹದಿನೈದು ವರ್ಷ ದಾಟಿತ್ತು.

ಆ ಹದಿನೈದು ವರ್ಷ ಡಾಕ್ಟರ್ ಎಲ್ಲಿದ್ದ? ಪುಸ್ತಕಗಳಲ್ಲಿದ್ದ. ಅಭಿಮಾನಿಗಳು ಬರೆದ ಕಾದಂಬರಿಗಳು ಸಾಲಾಗಿ ಬಂದವು. 1999ರಿಂದ ಬಿಗ್ ಫಿನಿಶ್ ಎಂಬ ಸಂಸ್ಥೆ ಹಳೇ ನಟರನ್ನೇ ಕರೆಸಿ ಧ್ವನಿ ನಾಟಕಗಳನ್ನು ಮಾಡತೊಡಗಿತು. ನೋಡಿ, ಮತ್ತೆ ಧ್ವನಿಯೇ. ಟೇಪ್ ರೆಕಾರ್ಡರ್‌ನಲ್ಲಿ ಉಳಿದಿದ್ದ ಸರಣಿ ಎರಡನೇ ಸಲವೂ ಕಿವಿಯ ದಾರಿಯಲ್ಲೇ ಬದುಕಿಕೊಂಡಿತು. ಆ ಕಾದಂಬರಿಗಳಲ್ಲೊಂದನ್ನು ಬರೆದಿದ್ದ ರಸೆಲ್ ಟಿ ಡೇವಿಸ್ ಅವರೇ 2005ರಲ್ಲಿ ಸರಣಿಯನ್ನು ಮತ್ತೆ ಎಬ್ಬಿಸಿದವರು. ಅವರ ನಂತರ ಹೊಣೆ ಹೊತ್ತ ಸ್ಟೀವನ್ ಮೊಫಟ್ ಕೂಡ ಚಿಕ್ಕಂದಿನ ಅಭಿಮಾನಿ. ಆಮೇಲೆ ಬಂದ ಕ್ರಿಸ್ ಚಿಬ್ನಲ್ 1986ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಟೀವಿ ಚರ್ಚೆಯೊಂದರಲ್ಲಿ ಕೂತು ಆ ವರ್ಷದ ಕಥೆಗಳು ಸರಿಯಿಲ್ಲ ಅಂತ ಬರೆದವರ ಎದುರಿಗೇ ಹೇಳಿದ್ದರು. ಮುಂದೆ ಡಾಕ್ಟರ್ ಆದ ಡೇವಿಡ್ ಟೆನಂಟ್ ನಟನಾಗಬೇಕು ಅಂತ ಆಸೆಪಟ್ಟಿದ್ದೇ ಈ ಸರಣಿ ನೋಡಿ. ಪೀಟರ್ ಕಪಾಲ್ಡಿ 1974ರಲ್ಲಿ 15ರ ಹುಡುಗ. ‘ರೇಡಿಯೋ ಟೈಮ್ಸ್’ ಪತ್ರಿಕೆಗೆ ಡಾಕ್ಟರ್ ಹೂ ಬಗ್ಗೆ ಅವರು ಬರೆದ ಪತ್ರ ಅಚ್ಚಾಗಿತ್ತು. ಮುಂದೆ ಡಾಕ್ಟರ್ ಪಾತ್ರ ಸಿಕ್ಕಾಗ ಅವರಿಗೆ 55. ಹಾರ್ಟ್‌ನೆಲ್ ಶುರು ಮಾಡಿದಾಗಲೂ ಅಷ್ಟೇ ವಯಸ್ಸು.

ಎದುರಿಗೆ ಕೂತು ನೋಡಿದ ಮಕ್ಕಳೇ ದೊಡ್ಡವರಾಗಿ ಒಳಗೆ ಹೋದರು. ಮನೆ ಬಿದ್ದುಹೋಗುತ್ತಿದೆ ಅಂತ ಗೊತ್ತಾದಾಗ ಮಕ್ಕಳು ಬಂದು ತೊಲೆ ಹಿಡಿದ ಹಾಗೆ.

ಅಭಿಮಾನ ಅಂದರೆ ಬರೀ ಕಣ್ಣೀರು, ಕಾಪಾಡುವುದು ಅಂತ ಹೇಳಿದರೆ ಸುಳ್ಳಾಗುತ್ತದೆ. ಜಗಳವೂ ಉಂಟು. ಹಾರ್ಟ್‌ನೆಲ್ ಆರೋಗ್ಯ ಕೆಟ್ಟು ಬಿಡಬೇಕಾಗಿ ಬಂದಾಗ ಒಂದು ಉಪಾಯ ಹುಟ್ಟಿತು. ಡಾಕ್ಟರ್ ಸಾಯುವ ಬದಲು ಬೇರೆ ದೇಹ, ಬೇರೆ ಸ್ವಭಾವ ಪಡೆಯುತ್ತಾನೆ. ಅಂದಿನಿಂದ ಕೆಲವು ವರ್ಷಕ್ಕೊಮ್ಮೆ ನಾವು ಹಚ್ಚಿಕೊಂಡ ಮುಖ ಹೋಗುತ್ತದೆ, ಹೊಸ ಮುಖ ಬರುತ್ತದೆ. ಪ್ರತಿ ಸಲವೂ ಒಂದಷ್ಟು ಜನ ಇವನು ನಮ್ಮ ಡಾಕ್ಟರ್ ಅಲ್ಲ ಅಂತ ಮುಖ ತಿರುಗಿಸುತ್ತಾರೆ. 2017ರಲ್ಲಿ ಜೋಡಿ ವಿಟೇಕರ್ ಹೆಸರು ಹೇಳಿದಾಗ, ಹೆಂಗಸು ಹೇಗೆ ಡಾಕ್ಟರ್ ಆಗುತ್ತಾಳೆ ಅಂತ ಕೆಲವರು ಆಡಿದ ಮಾತು ನನಗೆ ತುಂಬಾ ನೋವು ಕೊಟ್ಟಿತು. ಪ್ರೀತಿಸುವವರು ಕಾವಲುಗಾರರಾಗಿ ಬಾಗಿಲಲ್ಲಿ ನಿಂತುಬಿಡುವ ಅಪಾಯ ಇದೆ. ಮೊದಲ ನಿರ್ಮಾಪಕಿಯೇ ಹೆಣ್ಣುಮಗಳಾಗಿದ್ದ ಸರಣಿ ಇದು ಅನ್ನುವುದನ್ನು ಅವರು ಮರೆತಿದ್ದರು.

ಆದರೆ ಹೊಸ ಮುಖ ಒಪ್ಪುವುದು ಸುಲಭ ಅಂತ ಸರಣಿಯೂ ಎಂದೂ ಹೇಳಿಲ್ಲ. ಟ್ರೌಟನ್‌ರ ಮೊದಲ ಕಥೆ ‘ದಿ ಪವರ್ ಆಫ್ ದಿ ಡಾಲೆಕ್ಸ್’ನಲ್ಲಿ ಜೊತೆಗಾರರಾದ ಬೆನ್ ಮತ್ತು ಪಾಲಿ ಆ ಹೊಸ ಮನುಷ್ಯನನ್ನು ನೋಡಿ ಕಂಗಾಲಾಗುತ್ತಾರೆ. ಪಾಲಿಗೆ ಇವನೇ ಅವನು ಅನ್ನಿಸುತ್ತದೆ. ಬೆನ್ ನಂಬುವುದಿಲ್ಲ. ಹಳೇ ಡಾಕ್ಟರ್ ಹಾಕಿಕೊಳ್ಳುತ್ತಿದ್ದ ಉಂಗುರ ತಂದು ಬೆರಳಿಗೆ ಹಾಕಿ ನೋಡುತ್ತಾನೆ. ಉಂಗುರ ಹೊಂದುವುದಿಲ್ಲ. ರೆಕ್ಕೆ ಬಿಚ್ಚಿದ ಚಿಟ್ಟೆಯನ್ನು ಮತ್ತೆ ಗೂಡಿಗೆ ತುರುಕಿ ನೋಡು ಅನ್ನುವ ಅರ್ಥದ ಮಾತು ಹೇಳಿ ಹೊಸ ಡಾಕ್ಟರ್ ತನ್ನ ಪಾಡಿಗೆ ಪೆಟ್ಟಿಗೆ ಕೆದಕುತ್ತಾ, ಕೊಳಲಿನಂಥ ಒಂದು ವಾದ್ಯ ಊದುತ್ತಾ ಇರುತ್ತಾನೆ. ಕೊನೆಗೆ ಗುರುತು ಹಿಡಿಯುವುದು ಯಾರು ಗೊತ್ತಾ? ಒಂದು ಡಾಲೆಕ್. ಸ್ನೇಹಿತರಿಗಿಂತ ಮೊದಲು ಹಗೆಗೆ ಗೊತ್ತಾಗುತ್ತದೆ, ಇವನೇ ಅವನು ಅಂತ. ಅಭಿಮಾನಿಗಳಾದ ನಾವೆಲ್ಲ ಒಂದಲ್ಲ ಒಂದು ಸಲ ಬೆನ್ ಆಗಿರುತ್ತೇವೆ, ಒಂದು ಸಲ ಪಾಲಿ. ನಾನು ಮ್ಯಾಟ್ ಸ್ಮಿತ್ ಬಂದಾಗ ಬೆನ್ ಆಗಿದ್ದೆ. ಟೆನಂಟ್ ಹೋದ ದುಃಖದಲ್ಲಿ ಆ ಹುಡುಗನನ್ನು ನೋಡಲೂ ಮನಸ್ಸಾಗಿರಲಿಲ್ಲ. ಮೂರನೇ ವಾರದ ಹೊತ್ತಿಗೆ ಅವನಿಗಾಗಿ ಕಾಯುತ್ತಿದ್ದೆ.

ಮುಖ ಬದಲಾದರೂ ಸರಣಿ ತನ್ನವರನ್ನು ಮರೆಯುವುದಿಲ್ಲ. ನಿಕೋಲಸ್ ಕೋರ್ಟ್ನಿ 1968ರಿಂದ ಬ್ರಿಗೇಡಿಯರ್ ಎಂಬ ಪಾತ್ರ ಮಾಡುತ್ತಿದ್ದವರು. ಎಷ್ಟೋ ಡಾಕ್ಟರುಗಳ ಜೊತೆ ನಿಂತವರು. 2011ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಂದ ಕಂತಿನಲ್ಲಿ ಡಾಕ್ಟರ್ ಒಂದು ಫೋನ್ ಮಾಡುತ್ತಾನೆ. ಸಾವಿನಿಂದ ತಪ್ಪಿಸಿಕೊಂಡು ಓಡಾಡುತ್ತಿರುವ ದಿನಗಳು ಅವು. ಬಾ, ಎಲ್ಲಾದರೂ ಸುತ್ತಾಡೋಣ ಅಂತ ಹಳೇ ಗೆಳೆಯನನ್ನು ಕರೆಯುವ ಉತ್ಸಾಹ. ವೃದ್ಧರ ಆರೈಕೆ ಮನೆಯ ನರ್ಸ್ ಫೋನ್ ಎತ್ತುತ್ತಾಳೆ. ಬ್ರಿಗೇಡಿಯರ್ ಕೆಲವು ತಿಂಗಳ ಹಿಂದೆ ನೆಮ್ಮದಿಯಿಂದ ಹೋದರು ಅನ್ನುತ್ತಾಳೆ. ನಿಮ್ಮ ವಿಷಯ ಬಹಳ ಹೇಳುತ್ತಿದ್ದರು, ಎಂದಾದರೂ ನೀವು ಬಂದೀರಿ ಅಂತ ಒಂದು ಲೋಟ ಬ್ರಾಂದಿ ಜಾಸ್ತಿ ಹಾಕಿಸಿ ಇಡುತ್ತಿದ್ದರು ಅಂತಾಳೆ. ಡಾಕ್ಟರ್ ಮಾತಾಡುವುದಿಲ್ಲ. ಫೋನ್ ಇಡುತ್ತಾನೆ. ಅಷ್ಟು ಹೊತ್ತು ಸಾವಿನಿಂದ ಓಡುತ್ತಿದ್ದವನು ಓಟ ನಿಲ್ಲಿಸುತ್ತಾನೆ.

ಆ ಲೋಟದ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಬರುತ್ತಾನೋ ಇಲ್ಲವೋ ಗೊತ್ತಿಲ್ಲದವನಿಗಾಗಿ ದಿನವೂ ಎತ್ತಿಡುವ ಒಂದು ಲೋಟ. 1966ರಲ್ಲಿ ಟೀವಿ ಪಕ್ಕ ಸುರುಳಿ ತಿರುಗಿಸುತ್ತಾ ಕೂತವರು ಮಾಡಿದ್ದೂ ಅದನ್ನೇ ಅಲ್ವಾ?

1964ರ ಡಿಸೆಂಬರ್ 26ರ ಕಂತಿನಲ್ಲಿ ಹಾರ್ಟ್‌ನೆಲ್‌ರ ಡಾಕ್ಟರ್ ತನ್ನ ಮೊಮ್ಮಗಳು ಸೂಸನ್‌ಳನ್ನು ಭೂಮಿಯ ಮೇಲೆ ಬಿಟ್ಟು ಹೊರಡುತ್ತಾನೆ. ಅವಳಿಗೆ ತನ್ನದೇ ಬದುಕು ಇರಲಿ ಅಂತ. ಮುಂದೊಂದು ದಿನ ಮರಳಿ ಬರುತ್ತೇನೆ ಅಂತ ಮಾತು ಕೊಡುತ್ತಾನೆ. ಟಾರ್ಡಿಸ್ ಮಾಯವಾದ ಜಾಗದಲ್ಲಿ ಅವಳು ನಿಂತಿರುತ್ತಾಳೆ. ಬೀಗದಕೈ ಕೈಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಆ ಮಾತನ್ನು ಅಭಿಮಾನಿಗಳು ಸಾಲದ ಪತ್ರದ ಹಾಗೆ ಜೋಪಾನ ಮಾಡಿಟ್ಟುಕೊಂಡರು. 1983ರಲ್ಲಿ ಇಪ್ಪತ್ತನೇ ವರ್ಷದ ಕಥೆಯಲ್ಲಿ ಅವಳು ಒಮ್ಮೆ ಬಂದು ಹೋದಳು. ಆಮೇಲೆ ಎಷ್ಟೋ ಡಾಕ್ಟರುಗಳು ಬಂದರು, ಸೂಸನ್ ಸುದ್ದಿ ಇಲ್ಲ. 2025ರ ಮೇ ತಿಂಗಳ ಒಂದು ಕಂತಿನಲ್ಲಿ ಪ್ರಜ್ಞೆ ತಪ್ಪುತ್ತಿರುವ ಡಾಕ್ಟರನ ಮನಸ್ಸಿನಲ್ಲಿ ಒಂದು ಮುಖ ಹೊಳೆಯಿತು. ಕ್ಯಾರೊಲ್ ಆನ್ ಫೋರ್ಡ್, ಅದೇ ನಟಿ, ಈಗ ಬೆಳ್ಳಿ ಕೂದಲು. ಕೆಲವೇ ಕ್ಷಣ. ನಾನು ವಿಡಿಯೋ ನಿಲ್ಲಿಸಿ ಎದ್ದು ಕಿಟಕಿ ಹತ್ತಿರ ಹೋಗಿ ನಿಂತೆ. ಕಂತು ಮುಂದುವರಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಮೊನ್ನೆಯ ರಾತ್ರಿಗೆ ಬರುತ್ತೇನೆ. ‘ಟೆಂತ್ ಪ್ಲಾನೆಟ್’ನ ನಾಲ್ಕನೇ ಕಂತು ಕಳೆದುಹೋಗಿದೆ ಅಂದೆ. ಪೂರ್ತಿ ಅಲ್ಲ. ಮುಖ ಬದಲಾಗುವ ಆ ಕೆಲವು ಸೆಕೆಂಡುಗಳು ಉಳಿದಿವೆ. 1973ರಲ್ಲಿ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ಡಾಕ್ಟರ್ ಹೂಗೆ ಹತ್ತು ವರ್ಷವಾಯಿತು ಅಂತ ಆ ತುಣುಕು ತೋರಿಸಿದ್ದರು. ಆ ಕಾರ್ಯಕ್ರಮ ಅಳಿಸದೆ ಉಳಿಯಿತು, ಅದರೊಳಗೆ ಇದೂ ಉಳಿಯಿತು. ಧ್ವನಿ ಕೇಳಿ ಮುಗಿಸಿದ ಮೇಲೆ ಹೆಡ್‌ಫೋನ್ ತೆಗೆದು ಆ ತುಣುಕು ನೋಡಿದೆ. ನೆಲದ ಮೇಲೆ ಮುದುಕ ಮಲಗಿದ್ದಾನೆ. ಮುಖಕ್ಕೆ ಬೆಳಕು ಏರುತ್ತದೆ, ಏರುತ್ತದೆ, ಮೂಗು ಬಾಯಿ ಎಲ್ಲ ಬಿಳಿಯಲ್ಲಿ ಕರಗುತ್ತವೆ. ಬೆಳಕು ಇಳಿದಾಗ ಅಲ್ಲಿ ಬೇರೆ ಯಾರೋ ಇದ್ದಾರೆ. ಕಪ್ಪು ಕೂದಲು, ಕಣ್ಣು ಮುಚ್ಚಿದೆ.

ಮುಂದಿನ ಕಂತು 1966ರ ನವೆಂಬರ್ 5ರದು. ಬೆನ್ ಉಂಗುರ ಹಾಕಿ ನೋಡುವ ಕಂತು. ಆ ಕಥೆಯ ಆರು ಕಂತುಗಳಲ್ಲಿ ಒಂದೂ ಉಳಿದಿಲ್ಲ. ಧ್ವನಿ ಇದೆ. ಗಂಟೆ ಹನ್ನೊಂದೂವರೆ ಆಗಿತ್ತು, ಬೆಳಿಗ್ಗೆ ಬೇಗ ಏಳಬೇಕಿತ್ತು. ಹೆಡ್‌ಫೋನ್ ಮತ್ತೆ ಕಿವಿಗೆ ಹಾಕಿಕೊಂಡೆ.